ಒಂದು ಗಿಟಾರ್ ಬಾಡಿಯ ಲೆಕ್ಕ

ಎಲೆಕ್ಟ್ರಿಕ್ ಗಿಟಾರಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಾಡಿ. ನುಡಿಸುವವರ ಕೈ ಹೊತ್ತಿಡೀ ಆಡುವುದು ನೆಕ್ಕಿನ ಮೇಲೆ. ದುಡ್ಡು ಮಾತ್ರ ಕಣ್ಣು ತೋರಿಸಿದ ಕಡೆಗೇ ಹೋಗುತ್ತದೆ. ನನ್ನ ಹತ್ತಿರ ಒಂದು ಒಳ್ಳೆಯ ಮೇಪಲ್ ನೆಕ್ಕು ಇತ್ತು. ಅದಕ್ಕೊಂದು ಬಾಡಿ ಬೇಕಿತ್ತು. ಗಿಟಾರ್ ಪೂರ್ತಿಯಾಗಲು ತೆಗೆದಿಟ್ಟ ಹಣ 25,000 ರೂಪಾಯಿ. ಅದರಲ್ಲಿ ಬಾಡಿಯ ಪಾಲು ಎಷ್ಟು, ಕೊಳ್ಳಬೇಕೋ ಮಾಡಬೇಕೋ ಎಂದು ಕೂತು ಲೆಕ್ಕ ಹಾಕಿದೆ.

ಇಂಥ ಲೆಕ್ಕಕ್ಕೆ ದಾರಿ ಮಾಡಿಕೊಟ್ಟವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಅವರು 1950ರಲ್ಲಿ ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ ನೆಕ್ಕನ್ನು ಅಂಟಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದರು. 1954ರ ಸ್ಟ್ರಾಟೋಕಾಸ್ಟರ್ ಕೂಡ ಹಾಗೆಯೇ. ಸ್ಕ್ರೂ ಬಿಚ್ಚಿದರೆ ಗಿಟಾರ್ ಎರಡು ಭಾಗ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸಬಹುದು.

ಕೊಳ್ಳುವುದನ್ನೇ ಮೊದಲು ನೋಡಿದೆ. ಅಮೆರಿಕದಿಂದ ಬಣ್ಣ ಹಚ್ಚದ ಬಾಡಿ ತರಿಸಲು ನಾನು ವಿಚಾರಿಸಿದಾಗ ಹೇಳಿದ ಬೆಲೆ ಸುಮಾರು 200 ಡಾಲರ್. ಅದು ಬರೀ ಮರದ ಬೆಲೆ. ಸುಂಕ ಹಾಕುವಾಗ ವಸ್ತುವಿನ ಬೆಲೆಯ ಜೊತೆಗೆ ಸಾಗಣೆ, ವಿಮೆಯ ಖರ್ಚನ್ನೂ ಸೇರಿಸುತ್ತಾರೆ. ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ ಬೀಳುತ್ತದೆ. ಎರಡು ಕಿಲೋ ತೂಗುವ, ದೊಡ್ಡ ಪೆಟ್ಟಿಗೆ ಬೇಡುವ ಸರಕಿಗೆ ಸಾಗಣೆಯೇ ಭಾರ, ಆ ಭಾರದ ಮೇಲೂ ತೆರಿಗೆ. ಎಲ್ಲ ಕೂಡಿಸಿದಾಗ ನನ್ನ ಇಡೀ ಗಂಟು ಬಾಡಿಯೊಂದಕ್ಕೇ ಕರಗುತ್ತಿತ್ತು.

ಇನ್ನೊಂದು ದಾರಿ, ಹಳೆಯ ಅಗ್ಗದ ಗಿಟಾರನ್ನು ಇಡಿಯಾಗಿ ಕೊಂಡು ಅದರ ಬಾಡಿಯನ್ನು ಇಟ್ಟುಕೊಳ್ಳುವುದು. ಒಂದೇ ಗಿಟಾರ್ ಸಾಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಬ್ರಿಡ್ಜ್, ಸ್ವಿಚ್, ವೈರು ಎಲ್ಲ ಜೊತೆಗೇ ಬರುತ್ತವೆ. ಆದರೆ ಕೊಳ್ಳುವ ಮುಂಚೆ ಅಳತೆಪಟ್ಟಿ ಹಿಡಿಯಬೇಕು. ಸ್ಟ್ರಾಟೋಕಾಸ್ಟರ್ ಬಾಡಿಯ ದಪ್ಪ ಸುಮಾರು 45 ಮಿಲಿಮೀಟರ್. ಅಗ್ಗದ ನಕಲುಗಳಲ್ಲಿ ಅದು 40ರ ಆಸುಪಾಸಿಗೆ ಇಳಿದಿರುವುದುಂಟು. ಆಗ ಪೂರ್ಣ ಅಳತೆಯ ಟ್ರೆಮೊಲೊ ಬ್ಲಾಕ್ ಹಿಂಬದಿಯಿಂದ ಹೊರಗೆ ಇಣುಕುತ್ತದೆ. ನೆಕ್ಕು ಕೂರುವ ಗುಳಿಯ ಅಗಲವೂ ಬೇರೆ ಇರಬಹುದು. ನಾನು ನೋಡಿದವುಗಳಲ್ಲಿ ನನ್ನ ನೆಕ್ಕಿಗೆ ಹೊಂದುವುದು ಸಿಗಲಿಲ್ಲ.

ಉಳಿದದ್ದು ಮಾಡುವ ದಾರಿ. ಇಲ್ಲಿ ಮರದ ಬೆಲೆ ಕೇಳಿ ಹೆದರುವವರೇ ಹೆಚ್ಚು, ಹೆದರಬೇಕಾದ್ದು ಅದಕ್ಕಲ್ಲ. 20 ಇಂಚು ಉದ್ದ, 14 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಎಂದರೆ 560 ಘನ ಇಂಚು. ಒಂದು ಘನ ಅಡಿಗೆ 1,728 ಘನ ಇಂಚು. ಅಂದರೆ ಬೇಕಾಗಿರುವುದು ಮೂರನೇ ಒಂದು ಘನ ಅಡಿಯೂ ಅಲ್ಲ. ಘನ ಅಡಿಗೆ 3,000 ರೂಪಾಯಿ ಹಿಡಿದರೂ ಸಾವಿರದೊಳಗೆ ಮುಗಿಯಿತು. ಒಂದೇ ಅಖಂಡ ಹಲಗೆ ಬೇಕೆಂಬ ಹಟವೂ ಬೇಡ. ಎರಡು ಮೂರು ತುಂಡು ಅಂಟಿಸಿದ ಬಾಡಿಗಳನ್ನು ಫೆಂಡರ್ ಕಂಪನಿಯೇ ಮಾಡುತ್ತದೆ.

ಮರದಲ್ಲಿ ನಾನು ದುಡ್ಡು ಕೊಡುವುದು ಎರಡಕ್ಕೆ: ಚೆನ್ನಾಗಿ ಒಣಗಿರಬೇಕು, ಹಗುರವಾಗಿರಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ ಎಲ್ಲರೂ ತೇಗವನ್ನೇ ತೋರಿಸುತ್ತಾರೆ. ತೇಗ ಚಂದ, ಆದರೆ ಫೆಂಡರ್ ಬಳಸುವ ಆಲ್ಡರ್ ಮರಕ್ಕಿಂತ ಬಹಳ ಭಾರ. ಅದೇ ಅಳತೆಯ ಬಾಡಿ ಒಂದು ಕಿಲೋದಷ್ಟು ಹೆಚ್ಚು ತೂಗುತ್ತದೆ, ನಿಂತು ನುಡಿಸುವವರ ಭುಜ ಅದನ್ನು ಪ್ರತಿ ಸಂಜೆ ಹೊರಬೇಕು. ಹಳೆ ಮನೆ ಕೆಡವಿದ ಮರ ಒಣಗಿರುವುದರಲ್ಲಿ ಸಂಶಯವಿಲ್ಲ, ಒಳಗೆ ಮುರಿದು ಉಳಿದ ಮೊಳೆ ಮಾತ್ರ ರೌಟರ್ ಬಿಟ್ಟನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ನಾನು ಆರಿಸಿದ್ದು ವರ್ಷಗಟ್ಟಲೆ ನೆರಳಲ್ಲಿದ್ದ ಮಹಾಗನಿ ಹಲಗೆ.

ಹೆದರಬೇಕಾದ್ದು ಸಲಕರಣೆಯ ಖರ್ಚಿಗೆ. ರೌಟರ್, ಅದರ ಬಿಟ್ಟುಗಳು, ಕ್ಲಾಂಪು, ಟೆಂಪ್ಲೇಟು ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ದಾಟುತ್ತದೆ. ಅದನ್ನು ಒಂದೇ ಬಾಡಿಯ ತಲೆಗೆ ಕಟ್ಟಿದರೆ ಮಾಡುವುದು ನಷ್ಟ. ನಾಲ್ಕಕ್ಕೆ ಹಂಚಿದರೆ ಲಾಭ. ಆ ಉಳಿದ ಮೂರನ್ನು ನಿಜವಾಗಿಯೂ ಮಾಡುತ್ತೇವೆಯೇ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಈ ವಿಚಾರದಲ್ಲಿ ನನಗೆ ಬಲು ಇಷ್ಟದ ಉದಾಹರಣೆಗಳು ಎರಡು. ಬ್ರಯನ್ ಮೇ ಹುಡುಗನಾಗಿದ್ದಾಗ ಫೆಂಡರ್ ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. 1963ರಲ್ಲಿ ತಂದೆಯ ಜೊತೆ ಕೂತು ಗಿಟಾರ್ ಮಾಡಲು ಶುರುಮಾಡಿದರು. ನೆಕ್ಕಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಬಾಡಿಯ ನಡುವಿಗೆ ಹಳೆಯ ಓಕ್ ಮೇಜು, ಟ್ರೆಮೊಲೊಗೆ ಮೋಟರ್ ಸೈಕಲಿನ ವಾಲ್ವ್ ಸ್ಪ್ರಿಂಗು. ಕ್ವೀನ್ ತಂಡದ ಬಹುಪಾಲು ಹಾಡುಗಳಲ್ಲಿ ಕೇಳುವುದು ಆ ಗಿಟಾರನ್ನೇ. ಎಡ್ಡಿ ವ್ಯಾನ್ ಹೇಲನ್ ಹಾಗೆ ಮಾಡಲಿಲ್ಲ. ಸಣ್ಣ ದೋಷವಿದ್ದುದರಿಂದ ಸೆಕೆಂಡ್ಸ್ ಎಂದು 50 ಡಾಲರಿಗೆ ಮಾರುತ್ತಿದ್ದ ಬಾಡಿ ಕೊಂಡರು, 80 ಡಾಲರಿನ ನೆಕ್ಕು ಜೋಡಿಸಿದರು, ತಮ್ಮ ಹಳೆಯ ಗಿಬ್ಸನ್ನಿನ ಪಿಕಪ್ ಕಿತ್ತು ಅದಕ್ಕೆ ಹಾಕಿದರು. ಮೇ ಅವರ ಬಳಿ ಸಮಯ ಮತ್ತು ಕೈಕೆಲಸ ಬಲ್ಲ ತಂದೆ ಇದ್ದರು, ಎಡ್ಡಿ ಅವರಿಗೆ ಯಾವುದಕ್ಕೆ ಹಣ ಹಾಕಬಾರದೆಂದು ಗೊತ್ತಿತ್ತು. ಇಬ್ಬರೂ ತಮ್ಮಲ್ಲಿದ್ದದ್ದನ್ನೇ ಖರ್ಚು ಮಾಡಿದರು.

ನನ್ನ ಬಳಿ ಭಾನುವಾರಗಳಿದ್ದವು, ಬೀದಿಯ ಕೊನೆಯಲ್ಲಿ ಪರಿಚಯದ ಬಡಗಿಯವರ ಶೆಡ್ ಇತ್ತು. ಆದ್ದರಿಂದ ಕೆಲಸವನ್ನು ಒಡೆದೆ. ಬಾಡಿಯಲ್ಲಿ ಕರಾರುವಾಕ್ಕಾಗಿ ಇರಲೇಬೇಕಾದ ಜಾಗ ಎರಡೇ: ನೆಕ್ಕಿನ ಗುಳಿ, ಬ್ರಿಡ್ಜ್ ಕೂರುವ ಸ್ಥಾನ. ನಟ್‌ನಿಂದ ಬ್ರಿಡ್ಜಿನವರೆಗೆ 25.5 ಇಂಚು, ಅಂದರೆ 648 ಮಿಲಿಮೀಟರ್. ಅದು ಹೆಚ್ಚು ಸರಿದರೆ ತೆರೆದ ತಂತಿಗೂ ಹನ್ನೆರಡನೇ ಫ್ರೆಟ್ಟಿಗೂ ಶ್ರುತಿ ಕೂಡುವುದಿಲ್ಲ. ಗುಳಿ ಓರೆಯಾದರೆ ಅಂಚಿನ ತಂತಿ ನೆಕ್ಕಿನಿಂದ ಜಾರುತ್ತದೆ. ಈ ಎರಡನ್ನೂ ಪಿಕಪ್ ಗುಳಿಗಳನ್ನೂ ಪೀಣ್ಯದ ಒಂದು ಸಿಎನ್‌ಸಿ ವರ್ಕ್‌ಶಾಪಿನಲ್ಲಿ 2,500 ರೂಪಾಯಿ ಕೊಟ್ಟು ಕೊರೆಸಿದೆ. ಹೊರಗಿನ ಆಕಾರ, ಅಂಚು ದುಂಡಗೆ ಮಾಡುವುದು, ಉಪ್ಪು ಕಾಗದ ಉಜ್ಜುವುದು ನನ್ನದು. ಅಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಸ್ವರಕ್ಕೆ ಏನೂ ಆಗದು. ಬಡಗಿಯವರಿಗೆ ಶೆಡ್ಡು, ಸಲಕರಣೆ, ಸಲಹೆಗೆಂದು 1,500 ಕೊಟ್ಟೆ. ಬಣ್ಣ ಕಾರ್ ಪೇಂಟಿಂಗ್ ಗ್ಯಾರೇಜಿನಲ್ಲಿ ಹಾಕಿಸಿದೆ, 2,000. ಫೆಂಡರ್ ಕಂಪನಿಯೂ ಹಿಂದೆ ವಿಶೇಷ ಬಣ್ಣಗಳಿಗೆ ಬಳಸುತ್ತಿದ್ದದ್ದು ಡ್ಯೂಪಾಂಟ್‌ನ ಕಾರ್ ಪೇಂಟನ್ನೇ.

ಮರ ಸೇರಿ 7,000ದೊಳಗೆ ಬಾಡಿ ಸಿದ್ಧವಾಯಿತು. ಉಳಿದ ಹಣದಲ್ಲಿ ದೊಡ್ಡ ಪಾಲು ಪಿಕಪ್ಪುಗಳಿಗೆ ಹೋಯಿತು, ಆಮೇಲಿನದು ಬ್ರಿಡ್ಜಿಗೆ ಮತ್ತು ಫ್ರೆಟ್ಟುಗಳನ್ನು ಸಮ ಮಾಡಿಸುವುದಕ್ಕೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಪಾಟ್, ಕೆಪಾಸಿಟರ್, ವೈರಿನ ಬೆಲೆ ನೂರುಗಳಲ್ಲೇ ಮುಗಿಯಿತು. ಕಿವಿಗೂ ಬೆರಳಿಗೂ ವ್ಯತ್ಯಾಸ ಗೊತ್ತಾದದ್ದು ಫ್ರೆಟ್ ಕೆಲಸದಿಂದ. ಆ ಖರ್ಚನ್ನು ನಾನು ಯಾವತ್ತೂ ಕಡಿತ ಮಾಡುವುದಿಲ್ಲ.

ಮರುಮಾರಾಟದ ಮಾತನ್ನೂ ಹೇಳಬೇಕು. ಬಿಡಿಭಾಗ ಜೋಡಿಸಿದ ಗಿಟಾರನ್ನು ಮಾರಲು ಹೋದರೆ ಭಾಗಗಳ ಒಟ್ಟು ಬೆಲೆಯೂ ಹುಟ್ಟುವುದಿಲ್ಲ. ಕೈಯಾರೆ ಮಾಡಿದ ಬಾಡಿಯನ್ನು ಕೊಳ್ಳುವವರು ಸೊನ್ನೆ ಎಂದೇ ಎಣಿಸುತ್ತಾರೆ. ನಾನು ಇದನ್ನು ಮಾರುವವನಲ್ಲ, ಹಾಗಾಗಿ ಆ ಸೊನ್ನೆ ನನ್ನ ಲೆಕ್ಕದಲ್ಲಿ ಬರಲಿಲ್ಲ. ಎರಡು ಮೂರು ವರ್ಷದಲ್ಲಿ ಮಾರಿ ಬೇರೆ ಕೊಳ್ಳುವ ಯೋಚನೆಯಿರುವವರು ಹೆಸರಾಂತ ಕಂಪನಿಯ ಹಳೆಯ ಗಿಟಾರ್ ಕೊಂಡು, ಏನನ್ನೇ ಬದಲಿಸಿದರೂ ಮೂಲ ಭಾಗಗಳನ್ನು ಬಿಲ್ಲಿನ ಸಮೇತ ಎತ್ತಿಡಲಿ.