ಉಸಿರಾಡುವ ಇಡುಗಂಟು

ತನ್ನ ವಸ್ತುವನ್ನು ಮತ್ತೊಬ್ಬರ ಕೈಗೆ ಒಪ್ಪಿಸಿ, ಕೆಲವು ದಿನಗಳ ಅನಂತರ ಅದನ್ನು ಹಿಂದಕ್ಕೆ ಪಡೆಯುವ ವ್ಯವಹಾರ ಬಹಳ ಹಳೆಯದು. ಕಾಶಿಯಾತ್ರೆಗೆ ಹೊರಟವನು ಹಣದ ಗಂಟನ್ನು ನಂಬಿಕೆಯ ನೆರೆಯವನಲ್ಲಿ ಇಟ್ಟುಹೋಗುತ್ತಿದ್ದನು. ಯಾಜ್ಞವಲ್ಕ್ಯ ಸ್ಮೃತಿಯೂ ಕೌಟಿಲ್ಯನ ಅರ್ಥಶಾಸ್ತ್ರವೂ ಇಂತಹ ಇಡುಗಂಟಿನ ವಿಷಯದಲ್ಲಿ ನಿಯಮಗಳನ್ನು ವಿಧಿಸಿವೆ. ನಿಯಮ ಬೇಕಾಯಿತೆಂದರೆ ನಂಬಿಕೆ ಕೆಡುವುದೂ ಉಂಟೆಂದು ತಾನೆ ಅರ್ಥ? ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಅಂತಹ ಕಹಿ ಅನುಭವದಿಂದಲೇ ಹುಟ್ಟಿದ್ದು. ಆದರೂ ಹಣದ ಗಂಟನ್ನು ಕಾಯುವುದು ಸುಲಭ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಕು. ಅದಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಒಡೆಯನ ನೆನಪಾಗಿ ಅದು ಕೊರಗುವುದೂ ಇಲ್ಲ. ಒಪ್ಪಿಸಿದ ಗಂಟೇ ಉಸಿರಾಡುವ ಜೀವವಾಗಿದ್ದರೆ ಕಾಯುವವನ ಹೊಣೆ ಎಂತಹುದು? ಹಳ್ಳಿಗಾಡಿನಲ್ಲಿ ನಾಯಿಗಳ ತಂಗುದಾಣವನ್ನು ನಡೆಸುವವರು ಈ ಪ್ರಶ್ನೆಗೆ ಪ್ರತಿದಿನವೂ ತಮ್ಮ ದುಡಿಮೆಯಿಂದ ಉತ್ತರ ಕೊಡುತ್ತಿರುತ್ತಾರೆ.

ಅವಿಭಕ್ತ ಕುಟುಂಬಗಳಿದ್ದ ಕಾಲದಲ್ಲಿ ಇಂತಹ ತಂಗುದಾಣದ ಅಗತ್ಯವಿರಲಿಲ್ಲ. ನಾಲ್ವರು ಮದುವೆಗೆ ಹೋದರೆ ನಾಲ್ವರು ಮನೆಯಲ್ಲಿ ಉಳಿಯುತ್ತಿದ್ದರು. ನಾಯಿಗೆ ಒಂದು ತುತ್ತು ಹಾಕುವ ಕೈ ಇದ್ದೇ ಇರುತ್ತಿತ್ತು. ಇಂದು ಪಟ್ಟಣಗಳಲ್ಲಿ ಮೂರು ನಾಲ್ಕು ಜನರ ಸಂಸಾರಗಳೇ ಹೆಚ್ಚು. ಎಲ್ಲರೂ ಊರಿಗೆ ಹೊರಟರೆಂದರೆ ಮನೆಗೆ ಬೀಗ ಬೀಳುತ್ತದೆ. ಆಗ ಮನೆಯ ನಾಯಿಯನ್ನು ಎಲ್ಲಿ ಬಿಡುವುದು? ಈ ಕಷ್ಟವನ್ನು ನೀಗಲೆಂದೇ ಬೆಂಗಳೂರು, ಮೈಸೂರುಗಳಂತಹ ನಗರಗಳ ಹೊರವಲಯದ ಹಳ್ಳಿಗಳಲ್ಲಿ, ತೆಂಗು ಮಾವುಗಳ ತೋಟಗಳ ನಡುವೆ, ನಾಯಿಗಳ ತಂಗುದಾಣಗಳು ಹುಟ್ಟಿಕೊಂಡಿವೆ. ಜನರ ಬಾಯಲ್ಲಿ ಇದಕ್ಕೆ ‘ಬೋರ್ಡಿಂಗ್’ ಎಂದೇ ಹೆಸರು. ಹತ್ತು ಹನ್ನೆರಡು ಕೋಣೆಗಳ ಒಂದು ಸಾಲು, ಅದರ ಮುಂದೆ ತಂತಿಬಲೆಯ ಬೇಲಿ ಹಾಕಿದ ಅಂಗಳ, ಒಂದು ಬಾವಿ ಅಥವಾ ಕೊಳವೆಬಾವಿ, ಪಕ್ಕದಲ್ಲಿ ಪಾಲಕರ ಮನೆ: ಇಷ್ಟೇ ಅದರ ಸಂಪತ್ತು. ಸಾಮಾನ್ಯವಾಗಿ ಒಂದು ಕುಟುಂಬದವರೇ ಸೇರಿ ಇದನ್ನು ನಡೆಸುತ್ತಾರೆ.

ಅಲ್ಲಿ ಸೂರ್ಯೋದಯಕ್ಕೆ ಮೊದಲೇ ದಿನ ತೊಡಗುತ್ತದೆ. ಒಂದು ನಾಯಿ ಬೊಗಳಿದರೆ ಸಾಕು, ಉಳಿದವು ದನಿಗೂಡಿಸುತ್ತವೆ. ಪಾಲಕನು ಆಗ ಪೊರಕೆಯನ್ನಾಗಲಿ ಅನ್ನದ ಪಾತ್ರೆಯನ್ನಾಗಲಿ ಹಿಡಿದು ಹೊರಡುವುದಿಲ್ಲ. ಬರಿಗೈಯಲ್ಲಿ ಸಾಲಿನ ಉದ್ದಕ್ಕೂ ನಡೆದು, ಪ್ರತಿಯೊಂದು ಕೋಣೆಯ ಮುಂದೆಯೂ ನಿಂತು ನೋಡುತ್ತಾನೆ. ರಾತ್ರಿ ಇಟ್ಟ ನೀರು ಎಷ್ಟು ಇಳಿದಿದೆ? ವಾಂತಿಯಾಗಿದೆಯೆ? ಮಲ ಗಟ್ಟಿಯಾಗಿದೆಯೆ, ನೀರಾಗಿದೆಯೆ? ನಿನ್ನೆ ಬಾಗಿಲಿಗೆ ನೆಗೆದು ಬಂದ ನಾಯಿ ಇಂದು ಮೂಲೆಯಲ್ಲಿಯೇ ಮಲಗಿದೆಯೇಕೆ? ನಾಯಿಗೆ ಮಾತು ಬಾರದು. ಅದರ ಅಳಲನ್ನು ಕಣ್ಣಿನಿಂದಲೇ ಕೇಳಬೇಕು. ಆ ದಿನದ ಮೊದಲ ಕೆಲಸವೂ ಮುಖ್ಯವಾದ ಕೆಲಸವೂ ಈ ನೋಟವೇ ಆಗಿದೆ.

ಆಮೇಲೆ ನಾಯಿಗಳನ್ನು ಒಂದೊಂದಾಗಿ ಅಂಗಳಕ್ಕೆ ಬಿಡಬೇಕು. ಒಳ್ಳೆಯ ತಂಗುದಾಣದಲ್ಲಿ ಹೊರಕ್ಕೆ ಹೋಗುವ ದಾರಿಗೆ ಎರಡು ಬಾಗಿಲುಗಳಿರುತ್ತವೆ. ಒಂದನ್ನು ಮುಚ್ಚಿ ಅಗುಳಿ ಹಾಕದೆ ಇನ್ನೊಂದನ್ನು ತೆರೆಯಕೂಡದು. ಈ ನಿಯಮ ಮಕ್ಕಳಾಟದಂತೆ ತೋರಬಹುದು. ಆದರೆ ಅಪರಿಚಿತ ಸ್ಥಳದಲ್ಲಿ ತಪ್ಪಿಸಿಕೊಂಡ ನಾಯಿ ತನ್ನ ಮನೆಯನ್ನು ಹುಡುಕುತ್ತ ಹೆದ್ದಾರಿಯತ್ತ ಓಡುತ್ತದೆ. ಹೊಸಬರು ಹೆಸರು ಹಿಡಿದು ಕೂಗಿದರೂ ನಿಲ್ಲದು. ಸಾವಿರ ಸಲ ನೆನಪಿಟ್ಟು ಹಾಕಿದ ಅಗುಳಿಯನ್ನು ಒಂದು ಸಲ ಮರೆತರೂ ಎಲ್ಲವೂ ವ್ಯರ್ಥ.

ನಾಯಿಗಳು ಹೊರಗಿರುವಾಗ ಕೋಣೆಗಳನ್ನು ಶುದ್ಧಗೊಳಿಸುವ ಕೆಲಸ ನಡೆಯುತ್ತದೆ. ಮೊದಲು ಮಲವನ್ನು ಬಾಚಿ ತೆಗೆದು, ಸಾಬೂನು ನೀರಿನಿಂದ ನೆಲವನ್ನು ತಿಕ್ಕಿ ತೊಳೆಯಬೇಕು. ಅನಂತರವೇ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಹರಡಬೇಕು. ಕೊಳೆಯ ಮೇಲೆ ಸುರಿದ ಔಷಧ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಳೆದು ಒಣಗಿಸಬೇಕು. ಇಷ್ಟೊಂದು ಶ್ರಮ ಏಕೆಂದರೆ, 1978ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡ ಪಾರ್ವೊ ಎಂಬ ವೈರಾಣು ನಾಯಿಮರಿಗಳಿಗೆ ಮಾರಕವಾದುದು. ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲುದು. ಪಾಲಕನ ಚಪ್ಪಲಿಗೆ ಅಂಟಿಕೊಂಡೇ ಕೋಣೆಯಿಂದ ಕೋಣೆಗೆ ಹೋಗಬಲ್ಲುದು. ನಾಯಿಗಳ ಮಲವನ್ನು ಸಗಣಿಯಂತೆ ಕಾಯಿಪಲ್ಲೆಯ ಮಡಿಗೆ ಗೊಬ್ಬರವಾಗಿ ಹಾಕುವುದೂ ಸಲ್ಲದು. ಅದರಲ್ಲಿರುವ ಜಂತುಗಳ ಮೊಟ್ಟೆಗಳು ಮನುಷ್ಯರಿಗೂ ಕೇಡುಂಟುಮಾಡುತ್ತವೆ. ಬಾವಿಯಿಂದ ದೂರವಾಗಿ ಆಳವಾದ ಗುಂಡಿ ತೋಡಿ ಅದನ್ನು ಹೂಳಬೇಕು.

ಇನ್ನು ಆಹಾರದ ಸರದಿ. ಹನ್ನೆರಡು ನಾಯಿಗಳಿಗೆ ಒಂದೇ ಹಂಡೆಯ ಅನ್ನವನ್ನು ಹಂಚಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆಹಾರ ಇದ್ದಕ್ಕಿದ್ದಂತೆ ಬದಲಾದರೆ ನಾಯಿಯ ಹೊಟ್ಟೆ ಕೆಡುತ್ತದೆ. ಮೊಸರನ್ನಕ್ಕೆ ಹೊಂದಿಕೊಂಡ ನಾಯಿಗೆ ಮೊಸರನ್ನ, ರಾಗಿ ಅಂಬಲಿಯ ರೂಢಿಯುಳ್ಳದ್ದಕ್ಕೆ ಅಂಬಲಿ, ಕೋಳಿಮಾಂಸದ ಅನ್ನ ತಿನ್ನುವುದಕ್ಕೆ ಅದೇ ಆಗಬೇಕು. ಯಾವುದಕ್ಕೆ ಏನು, ಎಷ್ಟು, ಯಾವ ಹೊತ್ತಿಗೆ ಎಂಬುದನ್ನೆಲ್ಲ ನಾಯಿ ಬಂದ ದಿನವೇ ದಫ್ತರದಲ್ಲಿ ಬರೆದುಕೊಂಡಿರುತ್ತಾರೆ. ವಯಸ್ಸು, ತೂಕ, ಕೊಡಬೇಕಾದ ಔಷಧ, ಒಡೆಯರ ದೂರವಾಣಿ, ನೋಡುವ ಪಶುವೈದ್ಯರ ಹೆಸರು, ಇವುಗಳ ಜೊತೆಗೆ ‘ಗುಡುಗಿಗೆ ಹೆದರುತ್ತದೆ’, ‘ಕಿವಿ ಮುಟ್ಟಿದರೆ ಗುರುಗುಟ್ಟುತ್ತದೆ’ ಎಂಬಂತಹ ಮಾತುಗಳೂ ಅಲ್ಲಿರುತ್ತವೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷವೆಂಬುದನ್ನು ಅರಿಯದ ಒಡೆಯರಿಗೆ ಅದನ್ನು ತಿಳಿಸಿಹೇಳುವ ಕೆಲಸವೂ ಪಾಲಕರದೇ.

ಎಲ್ಲ ನಾಯಿಗಳೂ ಉಣ್ಣುತ್ತವೆಂದು ತಿಳಿಯಬಾರದು. ಮೊದಲ ಸಲ ಮನೆಯನ್ನು ಬಿಟ್ಟು ಬಂದ ನಾಯಿ ಒಂದೆರಡು ದಿನ ತಟ್ಟೆಯನ್ನು ಮೂಸಿಯೂ ನೋಡುವುದಿಲ್ಲ. ಒಡೆಯನು ಹೋದ ಬಾಗಿಲಿನತ್ತ ಮುಖಮಾಡಿ ಕುಳಿತಿರುತ್ತದೆ. ವಾಹನದ ಸದ್ದಾದಾಗಲೆಲ್ಲ ಅದರ ಕಿವಿ ನಿಮಿರುತ್ತದೆ. ಸದ್ದು ದೂರವಾದೊಡನೆ ಮತ್ತೆ ಬಾಗುತ್ತದೆ. ಒಡೆಯನು ನಾಲ್ಕು ದಿನಗಳಲ್ಲಿ ಬರುವನೆಂದು ಅದಕ್ಕೆ ತಿಳಿಸುವ ಭಾಷೆ ಯಾವುದಿದೆ? ಇಲ್ಲಿ ಗದರಿಕೆ ನಡೆಯದು; ಬಲವಂತವಾಗಿ ತಿನ್ನಿಸುವುದೂ ಸರಿಯಲ್ಲ. ಅನುಭವಸ್ಥರು ಮನೆಯಿಂದ ತಂದ ಹಳೆಯ ಹೊದಿಕೆಯೊಂದನ್ನು ಅದರ ಬಳಿ ಹಾಸುತ್ತಾರೆ. ಆ ಹೊದಿಕೆಯಲ್ಲಿ ಮನೆಯವರ ವಾಸನೆಯಿರುತ್ತದೆ. ಮನೆಯೊಡತಿ ಮೊರದ ತುಂಬ ಅವರೆಕಾಯಿಯನ್ನು ತಂದು, ನಾಯಿಯನ್ನು ನೇರವಾಗಿ ನೋಡದೆ, ಅದರಿಂದ ನಾಲ್ಕು ಮಾರು ದೂರದಲ್ಲಿ ಸುಲಿಯುತ್ತ ಕೂಡುತ್ತಾಳೆ. ಮರುದಿನ ಆ ದೂರ ಎರಡು ಮಾರಿಗೆ ಇಳಿಯುತ್ತದೆ. ಮೂರನೆಯ ದಿನ ತಣ್ಣನೆಯ ಮೂಗೊಂದು ಅವಳ ಮೊಳಕೈಯನ್ನು ತಾಕುತ್ತದೆ. ಅಂದು ತಟ್ಟೆ ಬರಿದಾಗುತ್ತದೆ. ಹಾಗಲ್ಲದೆ ನೀರನ್ನೂ ಮುಟ್ಟದೆ ಸೊರಗಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕಾಗುತ್ತದೆ.

ಬೇಸಗೆಯ ಮಧ್ಯಾಹ್ನಗಳು ಕಠಿಣವಾದವು. ಮನುಷ್ಯನಂತೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಅಂಗಾಲುಗಳಲ್ಲಿ ಮಾತ್ರ ತುಸು ಬೆವರುತ್ತದೆ. ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದಲೇ ಅದು ತನ್ನ ಮೈಯನ್ನು ತಂಪುಮಾಡಿಕೊಳ್ಳಬೇಕು. ಪಗ್‌ನಂತಹ ಮೋಟುಮೂಗಿನ ತಳಿಗಳಿಗೆ ಇದೂ ಕಷ್ಟ. ಆದುದರಿಂದ ಬಿಸಿಲೇರಿದ ಮೇಲೆ ಅವುಗಳನ್ನು ಓಡಿಸಿ ಆಡಿಸುವಂತಿಲ್ಲ. ಇಪ್ಪತ್ತು ಕಿಲೋಗ್ರಾಂ ತೂಕದ ನಾಯಿಗೆ ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ನೀರು ಬೇಕು. ಜನರು ನಡುಹಗಲಿನಲ್ಲಿ ಅಡ್ಡಾಗುವ ವೇಳೆಯಲ್ಲಿ ಪಾಲಕರು ನೀರಿನ ಬಟ್ಟಲುಗಳನ್ನು ತುಂಬುತ್ತ, ಕಿವಿಗಳ ಸಂದಿಯಲ್ಲಿ, ಬೆರಳುಗಳ ನಡುವೆ ಉಣ್ಣಿಗಳನ್ನು ಹುಡುಕಿ ತೆಗೆಯುತ್ತ ಇರುತ್ತಾರೆ. ‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರಸೊತ್ತಿಲ್ಲ’ ಎಂಬ ಗಾದೆಯುಂಟು. ಆ ನಾಯಿಯನ್ನು ಕಾಯುವವರಿಗೆ ಕೆಲಸವೂ ಉಂಟು, ಪುರಸೊತ್ತಂತೂ ಇಲ್ಲ!

ಈ ವೃತ್ತಿಯ ಆದಾಯವೂ ಒಂದೇ ಸಮನಾಗಿರುವುದಿಲ್ಲ. ಶಾಲೆಗಳ ಬೇಸಗೆ ರಜೆಯಲ್ಲಿಯೂ ದಸರಾ ದೀಪಾವಳಿಗಳಲ್ಲಿಯೂ ಕೋಣೆಗಳೆಲ್ಲ ತುಂಬಿರುತ್ತವೆ. ಮದುವೆಗಳಿಲ್ಲದ ಆಷಾಢದಲ್ಲಿ ಅರ್ಧಕ್ಕರ್ಧ ಖಾಲಿ. ಹೀಗಿರುವಾಗ ಬಂದ ನಾಯಿಯನ್ನು ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು? ಆದರೆ ಬೇಡವೆನ್ನಲೇಬೇಕಾದ ಪ್ರಸಂಗಗಳುಂಟು. ಗೃಹಸ್ಥರೊಬ್ಬರು ಸಂಜೆಯ ರೈಲಿಗೆ ಹೊರಟವರು, ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡೇ ನಾಯಿಯೊಡನೆ ಬಾಗಿಲಿಗೆ ಬರುತ್ತಾರೆ. ರೇಬಿಸ್ ಲಸಿಕೆ ಹಾಕಿಸಿದ ದಾಖಲೆ ಅವರಲ್ಲಿಲ್ಲ.

“ಇದು ಮನೆಯೊಳಗೇ ಬೆಳೆದ ನಾಯಿ ಸ್ವಾಮಿ, ಬೀದಿಯನ್ನೇ ಕಂಡಿಲ್ಲ. ನಾಲ್ಕೇ ದಿನದ ಮಾತು. ಬೇಕಾದರೆ ಎರಡರಷ್ಟು ಹಣ ತೆಗೆದುಕೊಳ್ಳಿ” ಎನ್ನುತ್ತಾರೆ.

“ನಿಮ್ಮ ಮಾತನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಒಳಗೆ ಹನ್ನೊಂದು ನಾಯಿಗಳಿವೆ. ಅವುಗಳ ಯಜಮಾನರಿಗೂ ನಾನು ಮಾತು ಕೊಟ್ಟಿದ್ದೇನಲ್ಲ” ಎಂದು ಪಾಲಕನು ಕೈಮುಗಿಯುತ್ತಾನೆ.

ಆ ಗೃಹಸ್ಥರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ನಿರಾಕರಣೆಯ ಹಿಂದಿರುವ ಕಾರಣವನ್ನು ಎಲ್ಲರೂ ತಿಳಿಯಬೇಕು. ಹುಚ್ಚುನಾಯಿ ರೋಗವೆಂದು ಜನ ಕರೆಯುವ ರೇಬಿಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ನಾಯಿಯಾಗಲಿ ಮನುಷ್ಯನಾಗಲಿ ಬದುಕುವುದು ಇಲ್ಲವೆಂದೇ ಹೇಳಬೇಕು. 1885ರಲ್ಲಿ ಲೂಯಿ ಪಾಶ್ಚರನು ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟಂದಿನಿಂದ ಈ ರೋಗವನ್ನು ತಡೆಯುವ ದಾರಿ ಮನುಷ್ಯರಿಗೆ ತಿಳಿದಿದೆ. ತಿಳಿದೂ ಅಲಕ್ಷಿಸಿದರೆ ಅದಕ್ಕೆ ಕ್ಷಮೆಯಿಲ್ಲ.

ಕತ್ತಲಾಗುವ ಮುನ್ನ ನಾಯಿಗಳೆಲ್ಲ ಕೋಣೆ ಸೇರಬೇಕು. ಗುಡ್ಡ ಕಾಡುಗಳ ಸಮೀಪದ ಹಳ್ಳಿಗಳಲ್ಲಿ ಚಿರತೆಗಳು ನಾಯಿಗಳನ್ನು ಹುಡುಕಿಕೊಂಡು ಬರುವುದುಂಟು. ಬರಿಯ ಬೇಲಿ ಅವುಗಳಿಗೆ ಅಡ್ಡಿಯಲ್ಲ. ಆದುದರಿಂದ ಅಲ್ಲಿ ಕೋಣೆಗೆ ಗಟ್ಟಿಯಾದ ಮಾಡೂ ಬಾಗಿಲೂ ಇರಲೇಬೇಕು. ದೀಪಾವಳಿಯ ರಾತ್ರಿಗಳಲ್ಲಿ ಬೇರೊಂದು ಭಯ. ಮನುಷ್ಯನಿಗೆ ಕೇಳಿಸದ ಎಷ್ಟೋ ಸದ್ದುಗಳು ನಾಯಿಗೆ ಕೇಳಿಸುತ್ತವೆ. ಪಟಾಕಿಯ ಸಿಡಿತಕ್ಕೆ ಬೆದರಿ ಅವು ನಡುಗುತ್ತವೆ, ಜೊಲ್ಲು ಸುರಿಸುತ್ತವೆ, ಬಾಗಿಲನ್ನು ಪರಚಿ ಉಗುರು ಕಿತ್ತುಕೊಳ್ಳುತ್ತವೆ. ನಾಡೆಲ್ಲ ಹಬ್ಬದೂಟ ಉಣ್ಣುವಾಗ ಪಾಲಕರ ಮನೆಯವರು ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ನಾಯಿಗಳ ನಡುವೆ ಕುಳಿತಿರುತ್ತಾರೆ.

ನಾಯಿಗಳು ಉಂಡ ಬಳಿಕವೇ ಮನೆಯವರ ಊಟ ಎಂಬುದು ಇಂತಹ ಮನೆಗಳ ಪದ್ಧತಿ. ಈ ಭಾವನೆಗೆ ಕನ್ನಡನಾಡಿನಲ್ಲಿ ಸಾವಿರ ವರ್ಷದ ಹಿರಿತನವಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ಗಂಗ ದೊರೆ ಬೂತುಗನ ಕಡೆಯ ವೀರ ಮಣಲರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಶಾಸನ ಕಟ್ಟುಮಾಡಿದೆ. ಸತ್ತ ನಾಯಿಯ ಕಲ್ಲಿಗೆ ಸಲ್ಲಬೇಕಾದ ಆ ಋಣ, ಎದುರಿಗೆ ಹಸಿದು ನಿಂತ ನಾಯಿಗೆ ಸಲ್ಲಬೇಡವೆ?

ಪಾಲಕರ ನಿಜವಾದ ಪರೀಕ್ಷೆ ಅಚಾತುರ್ಯ ನಡೆದಾಗ ಆಗುತ್ತದೆ. ಎಷ್ಟೇ ಎಚ್ಚರವಿದ್ದರೂ ಒಂದು ನಾಯಿ ಜ್ವರದಿಂದ ಮಲಗಬಹುದು, ಕೆಮ್ಮು ಹತ್ತಬಹುದು. ಒಡೆಯನು ದೂರದ ಊರಿನಲ್ಲಿ ಮದುವೆಯ ಸಂಭ್ರಮದಲ್ಲಿರುತ್ತಾನೆ. ಅವನು ಬರುವುದರೊಳಗೆ ವಾಸಿಯಾದೀತು, ಹೇಳದಿದ್ದರೆ ಯಾರಿಗೆ ಗೊತ್ತಾದೀತು ಎಂದು ಮನಸ್ಸು ಪಿಸುಗುಟ್ಟುತ್ತದೆ. ಆ ಪಿಸುಮಾತನ್ನು ಮೀರಿ, ಮೊದಲು ವೈದ್ಯರನ್ನು ಕರೆದು, ಅಂದೇ ಒಡೆಯನಿಗೆ ಇದ್ದುದನ್ನು ಇದ್ದಂತೆ ತಿಳಿಸಿ, ನಾಯಿಯನ್ನು ಬೇರೆ ಕೋಣೆಯಲ್ಲಿರಿಸಿ ಶುಶ್ರೂಷೆ ಮಾಡುವವನೇ ನಂಬಿಕೆಗೆ ಯೋಗ್ಯನು. ಭಾರತದ 1872ರ ಕರಾರು ಅಧಿನಿಯಮವು, ಒಪ್ಪಿಸಿಕೊಂಡ ವಸ್ತುವನ್ನು ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಕಾಯಲು ಬಿಟ್ಟ ಹಸು ಕರು ಹಾಕಿದರೆ ಹಸುವಿನೊಡನೆ ಕರುವನ್ನೂ ಒಪ್ಪಿಸಬೇಕೆಂಬ ಉದಾಹರಣೆಯೂ ಅದರಲ್ಲಿದೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಅಧಿನಿಯಮವು ಪ್ರಾಣಿಯನ್ನು ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬರಿಗೂ ಅದರ ಕ್ಷೇಮದ ಹೊಣೆಯನ್ನು ಹೊರಿಸಿದೆ. ಆದರೆ ನಡುರಾತ್ರಿಯಲ್ಲಿ ಆ ಕೋಣೆಯೊಳಗೆ ಇಣುಕಿ ನೋಡುವ ಅಧಿಕಾರಿ ಯಾರೂ ಇಲ್ಲ. ಅಲ್ಲಿ ಕಾಯುವುದು ಪಾಲಕನ ಮನಸ್ಸಾಕ್ಷಿಯೊಂದೇ.

ಕೊನೆಗೆ ಒಡೆಯನು ಬರುವ ದಿನ ಬರುತ್ತದೆ. ನಾಯಿಯನ್ನು ತೂಗಿ ದಫ್ತರದಲ್ಲಿ ಬರೆಯುತ್ತಾರೆ. ಬಂದ ದಿನದ ತೂಕದೊಡನೆ ಹೋಲಿಸಿ ತೋರಿಸುತ್ತಾರೆ. ಪರಿಚಿತ ಧ್ವನಿ ಕಿವಿಗೆ ಬಿದ್ದ ಕೂಡಲೆ ನಾಯಿ ಹಿಗ್ಗಿನಿಂದ ಕೂಗುತ್ತ, ಮೈಯೆಲ್ಲ ಬಾಲವಾಗಿ ಒಡೆಯನ ಮೇಲೆ ನೆಗೆಯುತ್ತದೆ. ಹತ್ತು ದಿನ ಉಣಿಸಿದ ಕೈಯನ್ನು ಒಮ್ಮೆಯೂ ತಿರುಗಿ ನೋಡದೆ ಕಾರನ್ನು ಏರುತ್ತದೆ. ಪಾಲಕರು ಅದಕ್ಕಾಗಿ ನೊಂದುಕೊಳ್ಳುವುದಿಲ್ಲ. ತನ್ನ ಮನೆಯ ಪ್ರೀತಿಯನ್ನು ಸ್ವಲ್ಪವೂ ಕಳೆದುಕೊಳ್ಳದೆ ಅದು ಹಿಂದಿರುಗಿತೆಂದರೆ ಇಡುಗಂಟು ಮುಕ್ಕಾಗದೆ ಒಡೆಯನ ಕೈಸೇರಿತೆಂದೇ ಅರ್ಥ. ಮತ್ತೊಬ್ಬರದೆಂದು ತಿಳಿದೂ ತನ್ನದೆಂಬಂತೆ ಕಾಯುವುದು, ತನ್ನದೆಂಬಂತೆ ಕಾಯ್ದರೂ ಮತ್ತೊಬ್ಬರದೆಂಬುದನ್ನು ಮರೆಯದಿರುವುದು: ಇವೆರಡೂ ಕೂಡಿದಲ್ಲಿ ನಂಬಿಕೆ ಉಳಿಯುತ್ತದೆ. ನಾಯಿಯೇ ಆಗಲಿ, ನೆರೆಮನೆಯ ಕೂಸೇ ಆಗಲಿ, ಊರಿನ ಕೆರೆಯೇ ಆಗಲಿ, ನಮ್ಮ ಕೈಗೆ ಒಪ್ಪಿಸಿದ ಪ್ರತಿಯೊಂದಕ್ಕೂ ಈ ಮಾತು ಸಲ್ಲುತ್ತದೆ.