ರಾತ್ರಿ ವಾಹನ ತಂಗುವಿಕೆ: ಕ್ವೀನ್ಸ್‌ಟೌನ್ ನಗರಾಡಳಿತದ ಅನುಭವ ಕಲಿಸುವ ಪಾಠ

ಸಾರ್ವಜನಿಕ ಬೀದಿಯಲ್ಲಿ ವಾಹನ ನಿಲ್ಲಿಸಿ, ಅದರೊಳಗೇ ರಾತ್ರಿ ಕಳೆಯುವವರ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದೆನಿಸುತ್ತದೆ. ಆದರೆ ನಿವಾಸಿಗಳ ನೆಮ್ಮದಿ, ಪ್ರಯಾಣಿಕರ ಹಕ್ಕು, ವರ್ತಕರ ವ್ಯಾಪಾರ ಮತ್ತು ಸ್ಥಳೀಯ ಸಂಸ್ಥೆಯ ಬೊಕ್ಕಸ ಈ ನಾಲ್ಕೂ ಇಲ್ಲಿ ಒಂದೇ ಜಾಗದಲ್ಲಿ ಎದುರುಬದುರಾಗುತ್ತವೆ. ನಿವಾಸಿಗಳು ದೂರು ಕೊಡುತ್ತಾರೆ. ನಗರಸಭೆ ಕ್ರಮ ಕೈಗೊಳ್ಳುವುದಿಲ್ಲವೆಂದು ಬೇಸರಗೊಳ್ಳುತ್ತಾರೆ. ಕೊನೆಗೆ ನಗರಸಭೆ ನಿಷೇಧ ಹೇರಿದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಪಟ್ಟಣದಲ್ಲಿ ನಡೆದದ್ದು ಇದೇ. ಸ್ಥಳೀಯ ಆಡಳಿತದೊಡನೆ ದಿನನಿತ್ಯ ವ್ಯವಹರಿಸುವ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಈ ಪ್ರಕರಣವನ್ನು ಅಭ್ಯಸಿಸುವುದು ಉಪಯುಕ್ತ.

ಸಮಸ್ಯೆಯ ಹಿನ್ನೆಲೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ವಾಕಟಿಪು ಸರೋವರದ ದಂಡೆಯ ಮೇಲೆ ಕ್ವೀನ್ಸ್‌ಟೌನ್ ಇದೆ. ಸುತ್ತಲಿನ ಊರುಗಳನ್ನೂ ಒಳಗೊಂಡ ಕ್ವೀನ್ಸ್‌ಟೌನ್ ಲೇಕ್ಸ್ ಜಿಲ್ಲೆಯ ಜನಸಂಖ್ಯೆ 2018ರ ಗಣತಿಯಲ್ಲಿ ಸುಮಾರು 39,000. ಇಡೀ ದೇಶದ ಜನಸಂಖ್ಯೆ 50 ಲಕ್ಷದ ಆಸುಪಾಸಿನಲ್ಲಿದ್ದ 2019ರಲ್ಲಿ ಆ ದೇಶಕ್ಕೆ ಭೇಟಿಯಿತ್ತ ವಿದೇಶೀಯರು ಸುಮಾರು 39 ಲಕ್ಷ. ಹಿಮಶಿಖರಗಳನ್ನೂ ಸಾಹಸ ಕ್ರೀಡೆಗಳನ್ನೂ ಅರಸಿ ಬರುವ ಪ್ರವಾಸಿಗರಿಗೆ ಕ್ವೀನ್ಸ್‌ಟೌನ್ ತಪ್ಪಿಸಲಾಗದ ನಿಲುಗಡೆ.

ಹೀಗೆ ಬರುವವರಲ್ಲಿ ಒಂದು ವರ್ಗ ಹೋಟೆಲಿನಲ್ಲಿ ಇಳಿದುಕೊಳ್ಳುವುದಿಲ್ಲ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳಿರುವ ಕ್ಯಾಂಪರ್‌ವ್ಯಾನ್‌ಗಳನ್ನೋ, ಹಿಂಬದಿಯ ಆಸನ ಕಳಚಿ ಹಾಸಿಗೆ ಹಾಸಿದ ಹಳೆಯ ವ್ಯಾನುಗಳನ್ನೋ ಬಾಡಿಗೆಗೆ ಪಡೆದು ಇಲ್ಲವೇ ಕೊಂಡು, ಕತ್ತಲಾದೆಡೆ ನಿಲ್ಲಿಸಿ ಮಲಗುತ್ತಾರೆ. ಶುಲ್ಕ ತೆರಬೇಕಾದ ಶಿಬಿರತಾಣಗಳನ್ನು ಬಿಟ್ಟು ಸಾರ್ವಜನಿಕ ಜಾಗದಲ್ಲಿ ಹೀಗೆ ತಂಗುವುದಕ್ಕೆ ಅಲ್ಲಿ ‘ಫ್ರೀಡಂ ಕ್ಯಾಂಪಿಂಗ್’ ಎಂದು ಹೆಸರು.

ಸಂಖ್ಯೆ ಕಡಿಮೆಯಿದ್ದಾಗ ಯಾರೂ ಇದನ್ನು ಆಕ್ಷೇಪಿಸಲಿಲ್ಲ. ಸಂಖ್ಯೆ ಏರಿದಂತೆ ದೂರುಗಳೂ ಏರಿದವು. ಶೌಚಾಲಯವಿಲ್ಲದ ವಾಹನಗಳಲ್ಲಿ ತಂಗಿದವರು ಪೊದೆಗಳ ಮರೆಯನ್ನು ಬಳಸುತ್ತಾರೆ. ಸರೋವರದ ನೀರಿನಲ್ಲಿ ಪಾತ್ರೆ, ಬಟ್ಟೆ ತೊಳೆಯುತ್ತಾರೆ. ಸಂಜೆಯಾಗುತ್ತಲೇ ದಂಡೆಯ ನಿಲುಗಡೆ ತಾಣಗಳು ತುಂಬಿ ಸ್ಥಳೀಯರಿಗೆ ಜಾಗವಿರುವುದಿಲ್ಲ. ಬೆಳಗ್ಗೆ ಕಸ ಉಳಿಯುತ್ತದೆ. ಇವು ನಿವಾಸಿಗಳ ಮುಖ್ಯ ಅಹವಾಲುಗಳು. ಲೇಕ್ ಹೇಯ್ಸ್ ಸರೋವರದ ದಂಡೆಯಲ್ಲಿ ಇಂಥ ಜನಸಂದಣಿ ಮಿತಿಮೀರಿ, 2018ರಲ್ಲಿ ನಗರಾಡಳಿತವು ಅಲ್ಲಿ ರಾತ್ರಿ ತಂಗುವುದನ್ನು ನಿಲ್ಲಿಸಬೇಕಾಯಿತು. ಒಂದು ತಾಣ ಮುಚ್ಚಿದಾಗ ವಾಹನಗಳು ಮಾಯವಾಗುವುದಿಲ್ಲ. ಮತ್ತೊಂದು ತಾಣಕ್ಕೆ, ಮತ್ತೊಂದು ಬೀದಿಗೆ ಸರಿಯುತ್ತವೆ. ದೂರುಗಳೂ ಅವುಗಳ ಹಿಂದೆಯೇ ಸರಿಯುತ್ತವೆ.

ಲಾಭ ಒಬ್ಬರಿಗೆ, ವೆಚ್ಚ ಮತ್ತೊಬ್ಬರಿಗೆ

ಈ ವಿವಾದದ ಬೇರು ಲೆಕ್ಕಪತ್ರದಲ್ಲಿದೆ. ವಾಹನದಲ್ಲಿ ತಂಗುವ ಪ್ರವಾಸಿ ಕೋಣೆಯ ಬಾಡಿಗೆ ಕೊಡದಿದ್ದರೂ ಪೆಟ್ರೋಲು, ದಿನಸಿ, ಊಟತಿಂಡಿ, ಸಾಹಸ ಕ್ರೀಡೆಯ ಟಿಕೆಟುಗಳಿಗೆ ಹಣ ವ್ಯಯಿಸುತ್ತಾನೆ. ನ್ಯೂಜಿಲೆಂಡಿನಲ್ಲಿ ಸರಕು ಮತ್ತು ಸೇವಾ ತೆರಿಗೆಯ ದರ 2010ರ ಅಕ್ಟೋಬರಿನಿಂದ ಶೇ. 15. ಅಂದರೆ 115 ಡಾಲರಿನ ಬಿಲ್ಲಿನಲ್ಲಿ 15 ಡಾಲರು ತೆರಿಗೆ. ಈ ಮೊತ್ತ ಪೂರ್ತಿಯಾಗಿ ಕೇಂದ್ರ ಸರ್ಕಾರದ ಖಜಾನೆಗೆ ಸಲ್ಲುತ್ತದೆ. ಸ್ಥಳೀಯ ಸಂಸ್ಥೆಯ ಪ್ರಧಾನ ಆದಾಯವಾದರೋ ಆಸ್ತಿಗಳ ಮೇಲಿನ ತೆರಿಗೆ. ಅದನ್ನು ತೆರುವವರು ಊರಿನ ಮನೆಮಾಲೀಕರು ಮತ್ತು ಅಂಗಡಿ ಮಾಲೀಕರು.

ಶೌಚಾಲಯ ಕಟ್ಟುವುದು, ಕಸ ಎತ್ತಿಸುವುದು, ರಾತ್ರಿ ಗಸ್ತಿಗೆ ಸಿಬ್ಬಂದಿ ನೇಮಿಸುವುದು ಇವೆಲ್ಲ ಸ್ಥಳೀಯ ಸಂಸ್ಥೆಯ ಹೊಣೆ. ಪ್ರವಾಸಿಗರ ಸಂಖ್ಯೆ ಏರಿದಷ್ಟೂ ಕೇಂದ್ರದ ಆದಾಯ ಏರುತ್ತದೆ, ಸ್ಥಳೀಯ ಸಂಸ್ಥೆಯ ವೆಚ್ಚ ಏರುತ್ತದೆ. ನಿವಾಸಿಗಳ ಕೋಪಕ್ಕೆ ಗುರಿಯಾಗುವುದು ಮಾತ್ರ ಸ್ಥಳೀಯ ಸಂಸ್ಥೆಯೇ.

ವರ್ತಕರೂ ಒಂದೇ ಅಭಿಪ್ರಾಯದವರಾಗಿರಲು ಸಾಧ್ಯವಿಲ್ಲ. ಶುಲ್ಕ ಪಡೆದು ಶಿಬಿರತಾಣ ನಡೆಸುವವನಿಗೆ ಪುಕ್ಕಟೆ ತಂಗುವವನು ಕಳೆದುಹೋದ ಗಿರಾಕಿ; ದಿನಸಿ ಅಂಗಡಿಯವನಿಗೆ ಅವನೇ ಬಂದ ಗಿರಾಕಿ; ವ್ಯಾನು ಬಾಡಿಗೆಗೆ ಕೊಡುವ ಸಂಸ್ಥೆಗೆ ಅವನೇ ಜೀವಾಳ. ‘ವ್ಯಾಪಾರದ ಹಿತ’ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಸೇರಿಸುವ ಮನವಿಗೆ ತೂಕವಿರುವುದಿಲ್ಲ.

ಈ ಅಸಮತೋಲನವನ್ನು ಸರಿಪಡಿಸುವ ಯತ್ನಗಳೂ ನಡೆದವು. 2018ರಲ್ಲಿ ಕೇಂದ್ರ ಸರ್ಕಾರವು ಬೇಸಿಗೆಯ ನಿರ್ವಹಣೆಗೆಂದು ಸ್ಥಳೀಯ ಸಂಸ್ಥೆಗಳಿಗೆ 85 ಲಕ್ಷ ಡಾಲರುಗಳವರೆಗೆ ನೆರವು ಪ್ರಕಟಿಸಿತು. 2019ರ ಜುಲೈಯಿಂದ ವಿದೇಶೀ ಸಂದರ್ಶಕರ ಮೇಲೆ ತಲಾ 35 ಡಾಲರುಗಳ ಶುಲ್ಕ ಜಾರಿಗೆ ಬಂದಿತು. 2024ರ ಅಕ್ಟೋಬರಿನಲ್ಲಿ ಅದನ್ನು 100 ಡಾಲರಿಗೆ ಏರಿಸಲಾಯಿತು. ಕ್ವೀನ್ಸ್‌ಟೌನ್ ತನ್ನದೇ ಆದ ಸಂದರ್ಶಕ ತೆರಿಗೆಗಾಗಿ 2019ರಲ್ಲಿ ಜನಾಭಿಪ್ರಾಯ ಸಂಗ್ರಹಿಸಿದಾಗ ಮತ ಚಲಾಯಿಸಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಸಮ್ಮತಿಸಿದರು. ಆದರೆ ಅಂಥ ತೆರಿಗೆಗೆ ಸಂಸತ್ತಿನ ಶಾಸನ ಬೇಕು. ಊರಿನ ಬಹುಮತವೊಂದೇ ಸಾಲದು.

ಕಾನೂನಿನ ಚೌಕಟ್ಟು

2011ರಲ್ಲಿ ನ್ಯೂಜಿಲೆಂಡ್ ವಿಶ್ವಕಪ್ ರಗ್ಬಿ ಪಂದ್ಯಾವಳಿಗೆ ಆತಿಥ್ಯ ವಹಿಸಿತು. ಅದಕ್ಕೆ ಮುನ್ನ ಆ ವರ್ಷದ ಆಗಸ್ಟಿನಲ್ಲಿ ‘ಫ್ರೀಡಂ ಕ್ಯಾಂಪಿಂಗ್ ಅಧಿನಿಯಮ’ ಜಾರಿಗೊಂಡಿತು. ಅದರ ಮೂಲತತ್ತ್ವವನ್ನು ಅರಿಯದೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ.

ಈ ಅಧಿನಿಯಮದಂತೆ ಸ್ಥಳೀಯ ಸಂಸ್ಥೆಯ ಜಾಗದಲ್ಲಿ ತಂಗುವುದಕ್ಕೆ ಅವಕಾಶವೇ ಸಾಮಾನ್ಯ ನಿಯಮ, ನಿರ್ಬಂಧವು ಅಪವಾದ. ನಿರ್ಬಂಧ ಹೇರಬಯಸುವ ಸಂಸ್ಥೆಯು ಉಪವಿಧಿ ರಚಿಸಬೇಕು. ಅದಕ್ಕೆ ಮೂರು ಕಾರಣಗಳಷ್ಟೇ ಸಲ್ಲುತ್ತವೆ: ಆ ಪ್ರದೇಶದ ರಕ್ಷಣೆ, ಅಲ್ಲಿಗೆ ಬರುವವರ ಆರೋಗ್ಯ ಮತ್ತು ಸುರಕ್ಷತೆ, ಅಲ್ಲಿಗೆ ಹೋಗಿಬರುವ ದಾರಿಯ ರಕ್ಷಣೆ. ಜೊತೆಗೆ, ಸಮಸ್ಯೆಯ ಪರಿಹಾರಕ್ಕೆ ಉಪವಿಧಿಯೇ ಅತ್ಯಂತ ಸೂಕ್ತವೂ ಸಮಸ್ಯೆಯ ಪ್ರಮಾಣಕ್ಕೆ ತಕ್ಕುದೂ ಆದ ಮಾರ್ಗವೆಂದು ಸಂಸ್ಥೆಗೆ ಮನವರಿಕೆಯಾಗಿರಬೇಕು. ತನ್ನ ವ್ಯಾಪ್ತಿಯಲ್ಲೆಲ್ಲ ಪೂರ್ಣ ನಿಷೇಧ ಹೇರುವಂತಿಲ್ಲ. ದಣಿದ ಚಾಲಕನು ಅಪಘಾತ ತಪ್ಪಿಸಲು ರಸ್ತೆಬದಿಯಲ್ಲಿ ವಾಹನ ನಿಲ್ಲಿಸಿ ನಿದ್ರಿಸಿದರೆ ಅದು ಈ ಕಾನೂನಿನ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ.

2023ರ ತಿದ್ದುಪಡಿ ನಿಯಮಗಳನ್ನು ಬಿಗಿಗೊಳಿಸಿತು. ಸಂಸ್ಥೆಯ ಜಾಗದಲ್ಲಿ ವಾಹನದೊಳಗೆ ತಂಗಬೇಕಾದರೆ, ಬೇರೆ ಅನುಮತಿ ಇಲ್ಲದ ಕಡೆಗಳಲ್ಲಿ, ಅದು ಸ್ವಯಂಪೂರ್ಣವೆಂದು ಪ್ರಮಾಣಿತವಾಗಿರಬೇಕು. ಹಾಗೆ ಪ್ರಮಾಣಪತ್ರ ಪಡೆಯಲು ವಾಹನದಲ್ಲಿ ಸ್ಥಿರವಾಗಿ ಅಳವಡಿಸಿದ ಶೌಚಾಲಯ ಬೇಕು. ಮೊದಲು 200 ಡಾಲರು ಇದ್ದ ಸ್ಥಳದಂಡವನ್ನು ಉಲ್ಲಂಘನೆಗೆ ಅನುಗುಣವಾಗಿ 800 ಡಾಲರುಗಳವರೆಗೆ ಏರಿಸಲಾಯಿತು. ಅದೇ ತಿದ್ದುಪಡಿ, ಸೂಕ್ತ ವಸತಿ ದೊರೆಯದೆ ವಾಹನವನ್ನೇ ಮನೆ ಮಾಡಿಕೊಂಡ ಸ್ಥಳೀಯರನ್ನು ಈ ದಂಡದಿಂದ ಹೊರಗಿಟ್ಟಿತು. ವಿಹಾರಕ್ಕಾಗಿ ತಂಗುವವನನ್ನೂ ನಿರ್ವಾಹವಿಲ್ಲದೆ ತಂಗುವವನನ್ನೂ ಕಾನೂನು ಬೇರ್ಪಡಿಸಿ ನೋಡಿತು.

ಉಪವಿಧಿ ರದ್ದಾದ ಬಗೆ

ಕ್ವೀನ್ಸ್‌ಟೌನ್ ಲೇಕ್ಸ್ ಜಿಲ್ಲಾ ಆಡಳಿತವು ನಿವಾಸಿಗಳ ಒತ್ತಾಯಕ್ಕೆ ಕಿವಿಗೊಟ್ಟು 2021ರಲ್ಲಿ ಕಟ್ಟುನಿಟ್ಟಾದ ಉಪವಿಧಿಯನ್ನು ಅಂಗೀಕರಿಸಿತು. ಅದರಂತೆ ಜನವಸತಿ ಪ್ರದೇಶಗಳಲ್ಲಿ ತಂಗುವಂತಿರಲಿಲ್ಲ. ವಾಹನಪ್ರವಾಸಿಗಳ ಸಂಘವಾದ ನ್ಯೂಜಿಲೆಂಡ್ ಮೋಟಾರ್ ಕ್ಯಾರವಾನ್ ಅಸೋಸಿಯೇಷನ್ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಉಪವಿಧಿಯನ್ನು ರದ್ದುಪಡಿಸಿತು. ಉಪವಿಧಿ ರಚಿಸುವಾಗ ಅಧಿನಿಯಮಕ್ಕೆ ಸಂಬಂಧಿಸದ ಅಂಶಗಳನ್ನು ಆಡಳಿತ ಪರಿಗಣಿಸಿತ್ತೆಂಬುದು ತೀರ್ಪಿನ ತಿರುಳು.

ಈ ತೀರ್ಪನ್ನು ತಂಗುವವರ ಗೆಲುವು, ನಿವಾಸಿಗಳ ಸೋಲು ಎಂದಷ್ಟೇ ಓದಿದರೆ ಪಾಠ ತಪ್ಪಿಹೋಗುತ್ತದೆ. ನಿವಾಸಿಗಳ ಅಹವಾಲು ಸುಳ್ಳೆಂದು ಅದರ ಅರ್ಥವಲ್ಲ. ಕಾನೂನು ಒಪ್ಪುವ ಕಾರಣಗಳಿಗೆ ಆ ಅಹವಾಲನ್ನು ಜೋಡಿಸುವ ಕೆಲಸ ಸರಿಯಾಗಿ ನಡೆದಿರಲಿಲ್ಲ. ‘ನಮ್ಮ ಬೀದಿಯಲ್ಲಿ ಅವರು ಬೇಡ’ ಎಂಬುದು ಭಾವನೆ. ‘ಈ ದಂಡೆಯಲ್ಲಿ ಶೌಚಾಲಯವಿಲ್ಲ, ಇಂತಿಷ್ಟು ದಿನಗಳಲ್ಲಿ ಇಂತಿಷ್ಟು ವಾಹನಗಳು ನಿಂತಿದ್ದವು, ಅಗ್ನಿಶಾಮಕ ವಾಹನಕ್ಕೆ ದಾರಿ ಉಳಿದಿರಲಿಲ್ಲ’ ಎಂಬುದು ಪುರಾವೆ. ಉಪವಿಧಿಯನ್ನು ಉಳಿಸುವುದು ಎರಡನೆಯದು.

ಪರಿಣಾಮವನ್ನು ಅನುಭವಿಸಿದವರು ನಿವಾಸಿಗಳೇ. ಸ್ಥಳೀಯ ಉಪವಿಧಿ ಬಿದ್ದುಹೋದದ್ದರಿಂದ, ಸ್ವಯಂಪೂರ್ಣ ವಾಹನಗಳಿಗೆ ಅವಕಾಶ ನೀಡುವ ರಾಷ್ಟ್ರೀಯ ನಿಯಮವೇ ಆಧಾರವಾಯಿತು. ಆಡಳಿತವು ಕೆಲಸವನ್ನು ಹೊಸದಾಗಿ ಆರಂಭಿಸಿ, 2025ರಲ್ಲಿ ಹೊಸ ಉಪವಿಧಿಯ ಕರಡನ್ನು ಸಾರ್ವಜನಿಕರ ಮುಂದಿರಿಸಿತು. ಹಿಂದಿನ ಉಪವಿಧಿಗೆ ವ್ಯಯವಾದ ಕಾಲ ಮತ್ತು ಹಣ ಮಾತ್ರ ಮರಳಲಿಲ್ಲ.

ಲಾಸ್ ಏಂಜಲೀಸ್: ಒಂದು ಹೋಲಿಕೆ

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ಅಲ್ಲಿ ವಾಹನದಲ್ಲಿ ಮಲಗುತ್ತಿದ್ದವರಲ್ಲಿ ಅನೇಕರು ವಸತಿಹೀನರು. ವಾಹನವನ್ನು ವಾಸಸ್ಥಾನವಾಗಿ ಬಳಸಬಾರದೆಂಬ ನಿಯಮ 1983ರಿಂದ ಇದ್ದಿತು. ವೆನಿಸ್ ಬಡಾವಣೆಯ ನಿವಾಸಿಗಳ ದೂರುಗಳ ತರುವಾಯ 2010ರಲ್ಲಿ ಪೊಲೀಸರು ಅದನ್ನು ಬಿರುಸಾಗಿ ಜಾರಿಗೊಳಿಸಿದರು. 2014ರ ಜೂನ್ ತಿಂಗಳಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಆ ನಿಯಮವನ್ನು ಅಸ್ಪಷ್ಟವೆಂಬ ಕಾರಣಕ್ಕೆ ಅಸಿಂಧುಗೊಳಿಸಿತು. ಕಾರಿನಲ್ಲಿ ಹೊದಿಕೆಯೋ ತಿನಿಸೋ ಇದ್ದರೆ ಅದು ‘ವಾಸ’ವಾಗುವುದೇ, ದೂರಪ್ರಯಾಣಕ್ಕೆ ಹೊರಟವನೂ ಅಪರಾಧಿಯೇ ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿರಲಿಲ್ಲ.

2017ರ ಜನವರಿಯಲ್ಲಿ ಜಾರಿಗೆ ಬಂದ ಬದಲಿ ನಿಯಮ ಸ್ಥಳ ಮತ್ತು ಕಾಲವನ್ನು ಹೆಸರಿಸಿತು. ವಸತಿ ಬೀದಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಶಾಲೆ, ಶಿಶುವಿಹಾರ ಮತ್ತು ಉದ್ಯಾನಗಳ ಸಮೀಪದಲ್ಲಿ ಯಾವ ವೇಳೆಯಲ್ಲೂ ನಿಷೇಧ, ಉಳಿದೆಡೆ ಅವಕಾಶ. ಎಲ್ಲಿ ಕೂಡದು ಎಂಬುದರ ಜೊತೆಗೆ ಎಲ್ಲಿ ಆಗಬಹುದು ಎಂಬುದೂ ಜನರಿಗೆ ತಿಳಿಯುವಂತಾಯಿತು. ಕ್ವೀನ್ಸ್‌ಟೌನ್‌ನ ಪಾಠವೂ ಇದೇ ದಿಕ್ಕಿನದು.

ಕರ್ನಾಟಕದ ವರ್ತಕರಿಗೆ ಇದರ ಪ್ರಸ್ತುತತೆ

ಕರ್ನಾಟಕದ ನಗರಗಳಲ್ಲಿ ಕ್ಯಾಂಪರ್‌ವ್ಯಾನ್‌ಗಳ ಕಾಟವಿಲ್ಲ. ಆದರೆ ಸರಕು ತಂದ ಲಾರಿ ಬೆಳಗ್ಗೆ ಗೋದಾಮು ತೆರೆಯುವವರೆಗೆ ಬಡಾವಣೆಯ ಬೀದಿಯಲ್ಲಿ ನಿಲ್ಲುವುದು, ಚಾಲಕ ಮತ್ತು ಕ್ಲೀನರ್ ಅದರಲ್ಲೇ ಮಲಗುವುದು, ಬೆಳಗ್ಗೆ ನೀರು ಶೌಚಗಳಿಗೆ ಪರದಾಡುವುದು, ಬೀದಿಯವರು ದೂರುವುದು ಎಲ್ಲರೂ ಬಲ್ಲ ಸಂಗತಿ. ಆ ಲಾರಿ ನಿಂತಿರುವುದು ಯಾರೋ ವರ್ತಕನ ಸರಕಿಗಾಗಿ. ಆದ್ದರಿಂದ ಈ ಪ್ರಶ್ನೆಯಲ್ಲಿ ವರ್ತಕ ಸಮುದಾಯ ಬರಿಯ ಪ್ರೇಕ್ಷಕನಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ 117ನೆಯ ಪ್ರಕರಣವು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನ ನಿಲುಗಡೆಯ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರವಿತ್ತ ಪ್ರಾಧಿಕಾರಕ್ಕೆ ನೀಡುತ್ತದೆ. 127ನೆಯ ಪ್ರಕರಣವು ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನೂ, ನಿಷೇಧಿತ ಸ್ಥಳದಲ್ಲಿ ನಿಲ್ಲಿಸಿದ ವಾಹನವನ್ನೂ ಎಳೆದೊಯ್ಯಲು ಅವಕಾಶ ಕೊಡುತ್ತದೆ. ಎರಡನೆಯ ಅಧಿಕಾರವನ್ನಷ್ಟೇ ಬಳಸಿ ಮೊದಲನೆಯದನ್ನು ಮರೆತರೆ ಲಾರಿಗಳು ಒಂದು ಬೀದಿಯಿಂದ ಮತ್ತೊಂದು ಬೀದಿಗೆ ಹೋಗುತ್ತವೆ. ದಂಡದ ಮೊತ್ತ ಸಾಗಾಣಿಕೆಯ ದರಕ್ಕೆ ಸೇರುತ್ತದೆ.

ಮನವಿ ಸಲ್ಲಿಸುವಾಗ ಗಮನಿಸಬೇಕಾದ ಅಂಶಗಳು

ಸ್ಥಳೀಯ ಸಂಸ್ಥೆಗೆ ಇಂಥ ವಿಷಯದಲ್ಲಿ ಮನವಿ ಸಲ್ಲಿಸುವ ವರ್ತಕ ಸಂಘಗಳಿಗೆ ಮೇಲಿನ ಅನುಭವಗಳಿಂದ ಈ ಕೆಳಗಿನ ಸೂತ್ರಗಳು ದೊರೆಯುತ್ತವೆ.

1. ಬೀದಿಯ ಹೆಸರು, ದಿನಾಂಕ, ವೇಳೆ, ವಾಹನಗಳ ಸಂಖ್ಯೆ ಇವುಗಳನ್ನು ಕೆಲವು ವಾರಗಳ ಕಾಲ ದಾಖಲಿಸಿಟ್ಟ ಪುಸ್ತಕ, ಸಹಿಗಳ ಉದ್ದನೆಯ ಪಟ್ಟಿಗಿಂತ ಹೆಚ್ಚು ಪ್ರಯೋಜನಕಾರಿ.

2. ಸಂಸ್ಥೆಗೆ ಯಾವ ಕಾನೂನಿನಡಿ, ಯಾವ ಕಾರಣಗಳಿಗಾಗಿ ಅಧಿಕಾರವಿದೆಯೆಂಬುದನ್ನು ಮೊದಲು ತಿಳಿದುಕೊಂಡು, ಅಹವಾಲನ್ನು ಆ ಕಾರಣಗಳಿಗೆ ಜೋಡಿಸಬೇಕು.

3. ನಿಷೇಧ ಕೋರುವಾಗಲೇ ಬದಲಿ ಸ್ಥಳವನ್ನೂ ಸೂಚಿಸಬೇಕು. ಅಲ್ಲಿ ನೀರು, ಶೌಚಾಲಯ, ಬೆಳಕು, ಕಾವಲು ಇಲ್ಲವಾದರೆ ಚಾಲಕರು ಅದನ್ನು ಬಳಸಲಾರರು.

4. ನಿರ್ವಹಣೆಯ ವೆಚ್ಚ ಎಷ್ಟು, ಅದನ್ನು ಯಾರು ಭರಿಸಬೇಕು ಎಂಬುದನ್ನು ಮನವಿಯಲ್ಲೇ ಹೇಳಬೇಕು. ಲಾಭ ಪಡೆಯುವವರು ಪಾಲು ಕೊಡಲು ಮುಂದಾದಾಗ ಮಾತಿಗೆ ಬೆಲೆ ಬರುತ್ತದೆ.

5. ಸದಸ್ಯರೊಳಗೇ ಹಿತಾಸಕ್ತಿಯ ಭೇದವಿದ್ದರೆ ಅದನ್ನು ಮರೆಮಾಚದೆ, ಮೊದಲು ಸಂಘದೊಳಗೆ ಚರ್ಚಿಸಿ ಒಮ್ಮತಕ್ಕೆ ಬರಬೇಕು.

ನಗರಸಭೆಯ ಮೌನ ನಿವಾಸಿಗಳನ್ನು ಕೆರಳಿಸುತ್ತದೆ. ಅವಸರದ ನಿಷೇಧ ನ್ಯಾಯಾಲಯದಲ್ಲಿ ಬಿದ್ದು ಅವರನ್ನು ಮತ್ತಷ್ಟು ನಿರಾಶೆಗೊಳಿಸುತ್ತದೆ. ಕ್ವೀನ್ಸ್‌ಟೌನ್ ಈ ಎರಡನ್ನೂ ಕಂಡಿತು. ರಾತ್ರಿ ನಿಂತ ವಾಹನ ಬೆಳಗಾದ ಮೇಲೆ ಎಲ್ಲಿಗಾದರೂ ಹೋಗಲೇಬೇಕು, ಮರುರಾತ್ರಿ ಎಲ್ಲಾದರೂ ನಿಲ್ಲಲೇಬೇಕು. ಆ ಸ್ಥಳ ಯಾವುದೆಂದು ಮುಂಚಿತವಾಗಿ ಗೊತ್ತುಮಾಡುವ ಊರಿನಲ್ಲಿ ನಿವಾಸಿಯ ನಿದ್ರೆಯೂ ವರ್ತಕನ ಸರಕೂ ಸುರಕ್ಷಿತ.