ಹಳೇ ಕುರ್ಚಿಗೆ ಹೊಸ ಕುಷನ್: ಮೊದಲ ಸೀಟು, ಹಂತ ಹಂತವಾಗಿ

ಕಬ್ಬು ಅರೆಯುವ ಕಾಲದಲ್ಲಿ ದಾವಣಗೆರೆ ಹತ್ತಿರದ ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರ್‌ಗಳ ಸೀಟು ಗಮನಿಸಿ. ಎಷ್ಟೋ ಕಡೆ ರೆಗ್ಜಿನ್ ಹರಿದು, ಫೋಮ್ ಕಿತ್ತುಬಂದು, ಮೇಲೊಂದು ಗೋಣಿಚೀಲ ಮಡಚಿ ಹಾಕಿರುತ್ತಾರೆ. ‘ಇದನ್ನ ನಾನೇ ಯಾಕೆ ಸರಿ ಮಾಡಬಾರದು’ ಅನ್ನಿಸಿತೇ? ಒಳ್ಳೇದು. ಆದರೆ ಟ್ರ್ಯಾಕ್ಟರ್ ಸೀಟಿನಿಂದ ಶುರು ಮಾಡಬೇಡಿ, ಅದಕ್ಕೆ ಹೊಲಿಗೆ ಮಷಿನ್ ಬೇಕು. ಮನೆಯಲ್ಲಿ ಊಟದ ಟೇಬಲ್ಲಿನ ಮರದ ಕುರ್ಚಿ ಇದ್ದರೆ ಅದನ್ನೇ ಎಳೆದುಕೊಳ್ಳಿ. ಸ್ಕ್ರೂ ಬಿಚ್ಚಿದರೆ ಸೀಟು ಪೂರ್ತಿ ಕೈಗೆ ಬರುವಂಥದ್ದಾದರೆ ಒಂದು ಹೊಲಿಗೆಯೂ ಇಲ್ಲದೆ ಕೆಲಸ ಮುಗಿಯುತ್ತದೆ.

ಹಳೇ ಪದ್ಧತಿಯಲ್ಲಿ ನವಾರು ಪಟ್ಟಿ, ಗೋಣಿಬಟ್ಟೆ, ತೆಂಗಿನ ನಾರು, ಹತ್ತಿ. ಹೊಸದರಲ್ಲಿ ಪ್ಲೈವುಡ್, ಫೋಮ್, ಸ್ಟೇಪ್ಲರ್ ಗನ್. ಯಾವುದು ಕಲಿಯಬೇಕು ಅಂತ ಕೇಳಿದರೆ ನನ್ನ ಉತ್ತರ ಎರಡೂ, ಅದೂ ಒಂದೇ ಸೀಟಿನಲ್ಲಿ: ಕೆಳಗೆ ಹಳೇದು, ಮೇಲೆ ಹೊಸದು. ಪ್ಲೈವುಡ್ ಮೇಲಿನ ಫೋಮ್ ಚಪ್ಪಟೆಯಾದ ಮೇಲೆ ಹಲಗೆ ಒತ್ತುತ್ತದೆ. ನವಾರು ಹಾಗಲ್ಲ, ಕೂತಾಗ ತಾನೂ ಒಂದಿಷ್ಟು ಬಾಗುತ್ತದೆ. ಹತ್ತಿಗಂತೂ ನಮ್ಮಲ್ಲಿ ಬರವಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿದ ಗಿರಣಿಗಳ ಕಾಲ ಮುಗಿದಿದೆ, ಆದರೂ ಅಟ್ಟದ ಮೇಲೆ ಹಳೇ ಗಾದಿ ಇಲ್ಲದ ಮನೆ ಅಪರೂಪ.

ಬೇಕಾದದ್ದು: ಸ್ಕ್ರೂ ಡ್ರೈವರ್, ಸುತ್ತಿಗೆ, ಇಕ್ಕಳ, ಕತ್ತರಿ, ಟೇಪು, ಕೈಯಲ್ಲಿ ಒತ್ತುವ ಸ್ಟೇಪ್ಲರ್ ಗನ್, ಅದಕ್ಕೆ 8 ಅಥವಾ 10 ಮಿ.ಮೀ. ಪಿನ್ನು, ಅರ್ಧ ಇಂಚು ಉದ್ದದ, ಅಗಲ ತಲೆಯ ಮೊಳೆ, ಒಂದು ದಬ್ಬಣ, ನವಾರು ಪಟ್ಟಿ, ಗೋಣಿಬಟ್ಟೆ. ಫೋಮ್, ಬಟ್ಟೆ ತರಲು ಪೇಟೆಗೆ ಈಗಲೇ ಓಡಬೇಡಿ. ಮೊದಲು ಕುರ್ಚಿ ಬಿಚ್ಚೋಣ.

1. ಕುರ್ಚಿಯನ್ನು ತಲೆಕೆಳಗೆ ಮಾಡಿ ಸ್ಕ್ರೂ ಬಿಚ್ಚಿ. ಸ್ಕ್ರೂಗಳನ್ನು ಡಬ್ಬಿಯಲ್ಲಿ ಹಾಕಿಡಿ. ಸೀಟಿನ ತಳದಲ್ಲಿ ‘ಮುಂದೆ’ ಅಂತ ಪೆನ್ನಿನಲ್ಲಿ ಬರೆಯಿರಿ. ಚೌಕದಂತೆ ಕಂಡರೂ ಎಷ್ಟೋ ಸೀಟುಗಳು ಹಿಂದೆ ಕಿರಿದಾಗಿರುತ್ತವೆ.

2. ಹಳೇ ಬಟ್ಟೆ ಕೀಳಿ. ಅವಸರದಲ್ಲಿ ಹರಿಯಬೇಡಿ. ಪಿನ್ನಿನ ಕೆಳಗೆ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸಿ, ಇಕ್ಕಳದಿಂದ ಎಳೆಯಿರಿ. ಹಿಂದೆ ಮಾಡಿದವರು ಮೂಲೆ ಹೇಗೆ ಮಡಚಿದ್ದಾರೆ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇದಕ್ಕಿಂತ ಒಳ್ಳೇ ಪಾಠ ಬೇರೆ ಸಿಗದು. ಬಿದ್ದ ಪಿನ್ನುಗಳನ್ನು ಆಗಲೇ ಗುಡಿಸಿ, ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರಿರುತ್ತಾರೆ.

3. ಚೌಕಟ್ಟು ಅಲುಗಾಡುತ್ತದಾ ನೋಡಿ. ಅಲುಗಿದರೆ ಸಂದಿಗೆ ಮರದ ಫೆವಿಕಾಲ್ ಬಿಟ್ಟು, ಹಗ್ಗದಿಂದ ಬಿಗಿದು ಒಂದು ರಾತ್ರಿ ಬಿಡಿ. ಚೌಕಟ್ಟಿನ ಬದಲು ಬರೀ ಪ್ಲೈವುಡ್ ಸಿಕ್ಕಿದರೆ ಭಯಪಡಬೇಡಿ, ನೇರ 6ನೇ ಹಂತಕ್ಕೆ ಹೋಗಿ.

4. ನವಾರು ಹೊಡೆಯಿರಿ. ಕೈ ಪಳಗಬೇಕಾದ ಜಾಗ ಇದು, ಸಾವಕಾಶವಾಗಿ ಮಾಡಿ. ಪಟ್ಟಿಯನ್ನು ಮೊದಲೇ ಕತ್ತರಿಸಬೇಡಿ, ಸುರುಳಿಯಿಂದಲೇ ಕೆಲಸ ಮಾಡಿ. ತುದಿಯನ್ನು ಒಂದು ಇಂಚು ಮಡಚಿ ಹಿಂದಿನ ಮರದ ಮೇಲ್ಭಾಗದಲ್ಲಿ, ನಡುವಿಗೆ ಹತ್ತಿರವಾಗಿ ಇಟ್ಟು ಐದು ಮೊಳೆ ಹೊಡೆಯಿರಿ. ಐದೂ ಒಂದೇ ಗೆರೆಯಲ್ಲಿ ಬಿದ್ದರೆ ಮರ ಸೀಳುತ್ತದೆ, ಒಂದು ಮೇಲೆ ಒಂದು ಕೆಳಗೆ ಇರಲಿ. ಪಟ್ಟಿಯನ್ನು ಮುಂದಿನ ಮರಕ್ಕೆ ತನ್ನಿ. ಬರಿಗೈಯಲ್ಲಿ ಎಳೆದರೆ ಬಿಗಿ ಸಾಲದು. ಗೇಣುದ್ದದ ಮರದ ತುಂಡಿಗೆ ಪಟ್ಟಿ ಸುತ್ತಿ, ತುಂಡನ್ನು ಚೌಕಟ್ಟಿನ ಅಂಚಿಗೆ ಆನಿಸಿ ಕೆಳಕ್ಕೆ ಒತ್ತಿ. ಹಾಗೇ ಹಿಡಿದು ಮೂರು ಮೊಳೆ ಹೊಡೆದು, ಒಂದು ಇಂಚು ಬಿಟ್ಟು ಕತ್ತರಿಸಿ, ಮಡಚಿ ಇನ್ನೆರಡು ಹೊಡೆಯಿರಿ. ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದು ಬರಬೇಕು. 18 ಇಂಚಿನ ಸೀಟಿಗೆ 2 ಇಂಚು ಅಗಲದ ಪಟ್ಟಿ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಸಾಕು. ಅಡ್ಡಪಟ್ಟಿಯನ್ನು ಮಂಚಕ್ಕೆ ನವಾರು ನೇಯ್ದ ಹಾಗೇ ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ.

5. ಮೇಲೆ ಗೋಣಿಬಟ್ಟೆ ಹಾಸಿ, ಅಂಚು ಮಡಚಿ ಪಿನ್ ಹೊಡೆಯಿರಿ. ಫೋಮ್ ನವಾರಿನ ಸಂದಿಗೆ ಇಳಿಯದಂತೆ ತಡೆಯೋದು ಇದೇ.

6. ಈಗ ಅಳತೆ ಬರೆದುಕೊಂಡು ಪೇಟೆಗೆ ಹೋಗಿ. ದಾವಣಗೆರೆಯೋ ಹರಿಹರವೋ, ನಿಮಗೆ ಹತ್ತಿರವಾದದ್ದು. 2 ಇಂಚು ದಪ್ಪದ, 40 ಡೆನ್ಸಿಟಿ ಫೋಮ್ ಕೇಳಿ. 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ ಅರ್ಥ, ಗಟ್ಟಿತನದ ಅಳತೆ ಅಲ್ಲ. ಅದಕ್ಕೇ ಅಂಗಡಿಯಲ್ಲೇ ಅಂಗೈ ಊರಿ ಒತ್ತಿ ನೋಡಿ.

ಬಟ್ಟೆಗೆ ಸೋಫಾ ಬಟ್ಟೆಯೇ ಆಗಲಿ, ಒಂದೇ ಬಣ್ಣದ್ದು. ಗೆರೆ, ಚೌಕಳಿ ಬೇಡ, ಅರ್ಧ ಇಂಚು ಸೊಟ್ಟಗಾದರೂ ಊರಿಗೆಲ್ಲ ಕಾಣುತ್ತದೆ. ರೆಗ್ಜಿನ್ ಕೂಡ ಈಗ ಬೇಡ, ತಪ್ಪಾಗಿ ಬಿದ್ದ ಪಿನ್ನಿನ ತೂತು ಅದರಲ್ಲಿ ಮುಚ್ಚುವುದಿಲ್ಲ. ಸೋಫಾ ಬಟ್ಟೆಯ ಪನ್ನ ಸಾಮಾನ್ಯವಾಗಿ 54 ಇಂಚು. 18 ಇಂಚಿನ ಚೌಕ ಸೀಟಿಗೆ 27 ಇಂಚಿನ ತುಂಡು ಬೇಕು, ಅಂದರೆ ಅಗಲದಲ್ಲಿ ಎರಡು ಸೀಟು ಸರಿಯಾಗಿ ಬರುತ್ತವೆ. ಆರು ಕುರ್ಚಿಗೆ ಎರಡೂಕಾಲು ಮೀಟರ್ ತಂದರೆ ಸಾಕು.

7. ಫೋಮ್ ಕತ್ತರಿಸಿ. ಸೀಟನ್ನು ಮೇಲಿಟ್ಟು ಮಾರ್ಕರ್‌ನಲ್ಲಿ ಗೆರೆ ಎಳೆದು, ಗೆರೆಯಿಂದ ಕಾಲು ಇಂಚು ಹೊರಗೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಕತ್ತರಿ ಬಳಸಿದರೆ ಅಂಚು ಹಲ್ಲುಹಲ್ಲಾಗುತ್ತದೆ.

8. ಫೋಮ್ ಅಂಟಿಸಿ. ಇದಕ್ಕೆ ಎಸ್‌ಆರ್ ಗಮ್ ಬೇಕು, ಬಿಳಿ ಫೆವಿಕಾಲ್ ಅಲ್ಲ. ಫೋಮಿಗೂ ಸೀಟಿಗೂ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟು ಮೆತ್ತದಷ್ಟು ಆರಿದ ಮೇಲೆ ಕೂಡಿಸಿ. ಎಚ್ಚರ: ಈ ಗಮ್ಮಿನ ಆವಿ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ. ಹತ್ತಿರ ಒಲೆ, ಬೀಡಿ, ಊದುಬತ್ತಿ ಯಾವುದೂ ಬೇಡ.

9. ಹತ್ತಿ ಹಾಸಿ. ಅಟ್ಟದ ಗಾದಿಯಿಂದ ಎರಡು ಹಿಡಿ ತೆಗೆದು ಬಿಸಿಲಿಗೆ ಹಾಕಿ, ಗಂಟಿಲ್ಲದಂತೆ ಹಿಂಜಿ. ಈ ಸೀಮೆಯ ಪಿಂಜಾರರು ಬಿಲ್ಲು ಮೀಟಿ ಹಿಂಜುತ್ತಿದ್ದದ್ದು ಇದೇ ಹತ್ತಿಯನ್ನು. ಈಗ ಮಷಿನ್ ಬಂದಿದೆ, ನಿಮ್ಮ ಎರಡು ಹಿಡಿಗೆ ಕೈಬೆರಳೇ ಸಾಕು. ತೆಳು ಪದರ ಫೋಮಿನ ಅಂಚು ದಾಟಿ ಇಳಿಯಲಿ, ಮೂಲೆಯ ಗಡಸು ಆಗ ಬಟ್ಟೆಯ ಮೇಲೆ ಎದ್ದು ಕಾಣದು.

10. ಬಟ್ಟೆ ಹೊಡೆಯಿರಿ. ಬಟ್ಟೆಯ ಮೇಲ್ಮುಖ ಕೆಳಗೆ ಮಾಡಿ ಹಾಸಿ, ಮೇಲೆ ಸೀಟು ಕವುಚಿ. ನಾಲ್ಕೂ ಬದಿಯ ನಡುವೆ ಒಂದೊಂದೇ ಪಿನ್. ತಿರುಗಿಸಿ ನೋಡಿ, ಸರಿ ಇದ್ದರೆ ನಡುವಿನಿಂದ ಮೂಲೆ ಕಡೆಗೆ ಹೋಗಿ, ಮೂಲೆಗೆ 2 ಇಂಚು ಇರುವಾಗ ನಿಲ್ಲಿಸಿ. ಹೊಸಬರು ಒಂದು ಬದಿ ಪೂರ್ತಿ ಮುಗಿಸಿ ಎದುರಿನದಕ್ಕೆ ಹೋಗುತ್ತಾರೆ, ಬಟ್ಟೆ ಓರೆಯಾಗುವುದು ಅಲ್ಲೇ. ಸಾಗವಾನಿ ಗಟ್ಟಿ ಮರ, ಪಿನ್ನು ಅರ್ಧ ಎದ್ದು ನಿಂತರೆ ಸುತ್ತಿಗೆಯಿಂದ ತಟ್ಟಿ.

11. ಮೂಲೆ ಮಡಚಿ. ಮೂಲೆಯ ತುದಿಯನ್ನು ಸೀಟಿನ ನಡುವಿಗೆ ಎಳೆದು ಒಂದು ಪಿನ್. ಎರಡೂ ಪಕ್ಕ ಉಳಿದ ಬಟ್ಟೆಯನ್ನು ಸೀರೆ ನೆರಿಗೆ ಹಿಡಿದಷ್ಟೇ ಸಲೀಸಾಗಿ ಹಿಡಿದು ಒಳಕ್ಕೆ ಸೇರಿಸಿ. ಚೆನ್ನಾಗಿ ಬರಲಿಲ್ಲವೇ? ಭಯಪಡಬೇಡಿ, ಪಿನ್ ಕಿತ್ತು ಮತ್ತೆ ಹಿಡಿಯಿರಿ. ರೆಗ್ಜಿನ್ ಬಿಟ್ಟು ಬಟ್ಟೆ ಆರಿಸಿದ್ದೇ ಇದಕ್ಕೆ.

12. ತಳಕ್ಕೆ ಕರಿ ಬಟ್ಟೆ ಹೊಡೆದು, ಸ್ಕ್ರೂ ತೂತುಗಳನ್ನು ದಬ್ಬಣದಿಂದ ಹುಡುಕಿ ತೆರೆಯಿರಿ. ಸೀಟು ಕೂರಿಸುವಾಗ ಸುತ್ತಿಗೆಯಿಂದ ಬಡಿಯಬೇಡಿ. ದಪ್ಪ ಬಟ್ಟೆಯಿಂದ ಬಿಗಿಯಾಗಿದ್ದರೆ ಸೀಟಿನ ಅಂಚಿನಲ್ಲಿ ಬಟ್ಟೆ ಎಲ್ಲಿ ದುಪ್ಪಟ್ಟಾಗಿದೆ ನೋಡಿ, ಅಷ್ಟನ್ನೇ ಬಿಚ್ಚಿ ತಳಕ್ಕೆ ಸರಿಸಿ. ಉಳಿದ ಕುರ್ಚಿಗಳನ್ನು ಅದೇ ದಿನ ಬಿಚ್ಚಬೇಡಿ, ಊಟಕ್ಕೆ ಕೂರುವವರಿಗೆ ಜಾಗ ಬೇಕು.